ಮಣ್ಣಿಲ್ಲದ ಬೆಳಿ: ಪಾಕ ಹಳೇದು, ನೀರು ನಮ್ಮದು



ಈಗೀಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ಓದಿದ ಹುಡುಗರು ಸಿಕ್ಕಾಗೊಮ್ಮೆ ಒಂದ ಮಾತು ಕೇಳತಾರ: "ಹೈಡ್ರೋಪೋನಿಕ್ಸ್ ಮಾಡಿದ್ರ ಹೆಂಗ್ರಿ?" ಮೊಬೈಲ್ ತೆಗದ್ರ ಸಾಕು, ಬಿಳಿ ಪೈಪಿನಾಗ ಹಸರ ಸೊಪ್ಪು ಕಾಣತೈತಿ. ಅದರ ಜೋಡಿ "ಗುಟ್ಟಿನ ಫಾರ್ಮುಲಾ" ಅಂತ ಪೋಷಕ ದ್ರಾವಣದ ಡಬ್ಬಿನೂ ಮಾರತಾರ. ಈ ವಿದ್ಯೆ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ಆದ್ರ ರೊಕ್ಕ ಹಾಕೂದಕ್ಕಿಂತ ಮೊದಲ ಇದು ಎಲ್ಲಿಂದ ಬಂತು, ಇದರಾಗ ಗುಟ್ಟು ಯಾವುದು, ಗುಟ್ಟಲ್ಲದ್ದು ಯಾವುದು ಅಂತ ತಿಳ್ಕೊಳ್ಳೂದು ಚಲೋ. ಅದಕ್ಕ ಇವತ್ತು ಸ್ವಲ್ಪ ಇತಿಹಾಸ ಬರೀತೀನಿ.

ಗಿಡ ಏನು ತಿಂದು ಬೆಳೀತೈತಿ ಅನ್ನೋ ಪ್ರಶ್ನೆಯಿಂದ ಇದು ಶುರುವಾಯಿತು. ವಾನ್ ಹೆಲ್ಮಾಂಟ್ ಅನ್ನೋನು 200 ಪೌಂಡ್ ಒಣ ಮಣ್ಣಿನಾಗ ಒಂದು ವಿಲ್ಲೋ ಗಿಡ ಹಚ್ಚಿ, 5 ವರ್ಷ ಬರೇ ನೀರು ಹಾಕಿದ. ಗಿಡ 164 ಪೌಂಡ್ ಹೆಚ್ಚು ತೂಗಿತು, ಮಣ್ಣು ಕಡಿಮೆ ಆದದ್ದು ಸುಮಾರು 2 ಔನ್ಸ್ ಅಷ್ಟ. ಗಿಡ ಅಂದ್ರ ನೀರೇ ಅಂತ ಅವನು ತೀರ್ಮಾನಿಸಿದ. ಇದು ಅಚ್ಚಾದದ್ದು 1648ರಾಗ. ಮುಂದ 1699ರಾಗ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನಾ ಜಾತಿಯ ಗಿಡಗಳನ್ನ ಮಳೆ ನೀರಿನಾಗ, ಥೇಮ್ಸ್ ನದಿ ನೀರಿನಾಗ, ತೋಟದ ಮಣ್ಣು ಕದಡಿದ ನೀರಿನಾಗ ಬ್ಯಾರೆ ಬ್ಯಾರೆ ಇಟ್ಟು ನೋಡಿದ. ಮಳೆ ನೀರಿನ ಗಿಡಕ್ಕಿಂತ ಮಣ್ಣು ಕದಡಿದ ನೀರಿನ ಗಿಡ ಹೆಚ್ಚು ಬೆಳೀತು. ಅಂದ್ರ ಎಲ್ಲಾ ನೀರೂ ಒಂದಲ್ಲ, ನೀರಿನಾಗ ಕರಗಿದ್ದ ಏನೋ ಒಂದು ಗಿಡಕ್ಕ ಬೇಕು. ಈ ಮಾತು ನೆನಪಿಟ್ಕೊಳ್ರಿ, ಮುಂದ ನಮ್ಮ ಬೋರಿಗೂ ಇದ ಬರತೈತಿ.

ಆ "ಏನೋ ಒಂದು" ಯಾವುದು ಅಂತ 1860ರ ಆಜುಬಾಜು ಜರ್ಮನಿಯ ಸ್ಯಾಕ್ಸ್ ಮತ್ತು ನಾಪ್ ತೋರಿಸಿಕೊಟ್ಟರು. ಮಣ್ಣು ಒಂದು ಚೂರೂ ಇಲ್ಲದ, ತೂಕ ಮಾಡಿದ ಲವಣಗಳನ್ನ ನೀರಿನಾಗ ಕರಗಿಸಿ ಗಿಡ ಬೆಳೆಸಿದರು. ನಾಪ್ ಬಳಸಿದ ಸಾಮಾನು ಕೇಳಿದ್ರ ನಿಮಗ ನಗು ಬರತೈತಿ: ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಷಿಯಂ ನೈಟ್ರೇಟ್, ಪೊಟ್ಯಾಷಿಯಂ ಫಾಸ್ಫೇಟ್, ಮೆಗ್ನೀಷಿಯಂ ಸಲ್ಫೇಟ್, ಸ್ವಲ್ಪ ಕಬ್ಬಿಣ. ಇವತ್ತು ಡ್ರಿಪ್‌ನಾಗ ನಾವು ಬಿಡೋ ಗೊಬ್ಬರನ ಇವು.

ಈಗಿನ ಕಾಲಕ್ಕ ಹೊಂದೋ ಕಥಿ ಅಮೆರಿಕದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ 1929ರಿಂದ ಈ ಪ್ರಯೋಗವನ್ನ ಲ್ಯಾಬಿನಿಂದ ಹೊರಗ ತಂದು, ತೊಟ್ಟಿಯಾಗ ಆಳೆತ್ತರ ಮೀರಿದ ಟೊಮೆಟೊ ಬೆಳೆಸಿದರು. 1937ರಾಗ "ಹೈಡ್ರೋಪೋನಿಕ್ಸ್" ಅನ್ನೋ ಹೆಸರು ಬಂತು. ಪೇಪರಿನಾಗ ದೊಡ್ಡ ದೊಡ್ಡ ಇಳುವರಿ ಸುದ್ದಿ ಬಂದವು, ಮಾರಾಟಗಾರರು ಹುಟ್ಟಿಕೊಂಡರು, ಜನ ಮರುಳಾದರು. ಆಗ ಅದ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನಾನ್ ಎಲ್ಲಾ ಪರೀಕ್ಷೆ ಮಾಡಿ, 1938ರಾಗ ರೈತರಿಗೆ, ಜನರಿಗೆ ಅಂತ ಒಂದು ಕಿರುಹೊತ್ತಿಗೆ ಹೊರಡಿಸಿದರು. ಅದರ ಸಾರ ಎರಡ ಮಾತು. ಒಂದು, ಅಷ್ಟ ಜ್ವಾಕಿ, ಅಷ್ಟ ಹವಾ ಕೊಟ್ಟ ಚಲೋ ಮಣ್ಣಿನ ಇಳುವರಿಗೂ ನೀರಿನ ಇಳುವರಿಗೂ ಹೇಳಿಕೊಳ್ಳುವಂಥ ಫರಕ ಇಲ್ಲ. ಎರಡು, ಪಾಕದಾಗ ಗುಟ್ಟಿಲ್ಲ. ಪಾಕವನ್ನ ಅದರಾಗ ಬಿಚ್ಚಿ ಬರದ ಬಿಟ್ಟರು.

ಆ ಪಾಕವನ್ನ ನಮ್ಮ ಲೆಕ್ಕಕ್ಕ ತಂದ್ರ, 1000 ಲೀಟರ್ ಶುದ್ಧ ನೀರಿಗೆ ಹಿಂಗ ಆಗತೈತಿ:

ಕ್ಯಾಲ್ಸಿಯಂ ನೈಟ್ರೇಟ್: 1180 ಗ್ರಾಂ (ಇದು ಲ್ಯಾಬಿನ ಲವಣದ ಲೆಕ್ಕ, ನಮ್ಮ ಚೀಲದ್ದು ಕ್ಯಾಲ್ಸಿಯಂ ಲೆಕ್ಕಕ್ಕ ಸುಮಾರು 1050 ಗ್ರಾಂ)
ಪೊಟ್ಯಾಷಿಯಂ ನೈಟ್ರೇಟ್, ಅಂದ್ರ ನಮ್ಮ 13:0:45: 505 ಗ್ರಾಂ
ಮೆಗ್ನೀಷಿಯಂ ಸಲ್ಫೇಟ್: 493 ಗ್ರಾಂ
0:52:34: 136 ಗ್ರಾಂ
ಜೋಡಿ ಕಬ್ಬಿಣ, ಬೋರಾನ್, ಸತುವಿನಂಥ ಲಘು ಪೋಷಕಾಂಶ, ಬಾಳ ಕಡಿಮೆ ಪ್ರಮಾಣದಾಗ.

ಒಟ್ಟು ಎರಡೂವರೆ ಕಿಲೋನೂ ಇಲ್ಲ. ಎಲ್ಲಾ ನಮ್ಮ ಗೊಬ್ಬರದ ಅಂಗಡಿಯಾಗ ಸಿಗತಾವ. 1938ರಿಂದ ಊರಿಗೆಲ್ಲಾ ಗೊತ್ತಿದ್ದನ್ನ ಗುಟ್ಟು ಅಂತ ಮಾರಿದ್ರ ಯಾಕ ಕೊಳ್ಳಬೇಕು?

ನಮ್ಮ ದೇಶಕ್ಕ ಇದು 1946ರಾಗ ಬಂತು. ಶೋಲ್ಟೊ ಡಗ್ಲಸ್ ಅನ್ನೋರು ಬಂಗಾಳದ ಕಾಲಿಂಪಾಂಗ್‌ನಾಗ ಪ್ರಯೋಗ ಶುರು ಮಾಡಿದರು. ಪಂಪು, ದುಬಾರಿ ಯಂತ್ರ ಬಿಟ್ಟು, ತೊಟ್ಟಿಯಾಗ ಕಲ್ಲಿನ ಚೂರು, ಉಸುಕು ತುಂಬಿ ಬಡವರಿಗೂ ಆಗೋ ಪದ್ಧತಿ ಹುಡುಕಿದರು. ಅದ "ಬಂಗಾಳ ಪದ್ಧತಿ" ಆಯಿತು. ನಮ್ಮ ರಾಜ್ಯದಾಗ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತೆಂಗಿನ ನಾರಿನ ಪುಡಿ, ಅಂದ್ರ ಕೋಕೋಪೀಟ್‌ನಾಗ ಕಾಯಿಪಲ್ಯ ಬೆಳೆಯೋ ಪದ್ಧತಿ ರೂಪಿಸಿ, ಅದಕ್ಕ "ಅರ್ಕಾ ಸಸ್ಯ ಪೋಷಕ ರಸ" ಅನ್ನೋ ದ್ರಾವಣ ತಯಾರಿಸ್ಯಾರ. ನಾವು ಮೆಣಸಿನಕಾಯಿ, ಟೊಮೆಟೊ ಸಸಿ ತರೋ ನರ್ಸರಿ ಟ್ರೇ ನೋಡ್ರಿ. ಅಲ್ಲೂ ಮಣ್ಣಿಲ್ಲ, ಕೋಕೋಪೀಟ್ ಐತಿ. ಅಂದ್ರ ಮಣ್ಣಿಲ್ಲದ ಬೆಳಿ ನಮ್ಮ ಹೊಲದ ಬದುವಿಗೆ ಯಾವಾಗೋ ಬಂದೈತಿ.

ಹಂಗಾದ್ರ ಕಷ್ಟ ಎಲ್ಲೈತಿ? ನಿರ್ವಹಣೆಯಾಗ.

ಮೊದಲನೇದು, ಎರಡು ಟ್ಯಾಂಕು. ದ್ರಾವಣ ದಪ್ಪಗ ಮಾಡಿ ಇಡುವಾಗ ಕ್ಯಾಲ್ಸಿಯಂ ನೈಟ್ರೇಟ್ ಒಂದು ಟ್ಯಾಂಕಿನಾಗ, ಸಲ್ಫೇಟ್ ಮತ್ತು ಫಾಸ್ಫೇಟ್ ಇನ್ನೊಂದರಾಗ ಇರಬೇಕು. ಕೂಡಿಸಿದ್ರ ಕ್ಯಾಲ್ಸಿಯಂ ಸಲ್ಫೇಟ್ ಆಗಿ ತಳಕ್ಕ ಕೂಡತೈತಿ. ಅದು ಬ್ಯಾರೆ ಅಲ್ಲ, ನಾವು ಸವಳು ಭೂಮಿಗೆ ಹಾಕೋ ಜಿಪ್ಸಮ್ಮ! ಗಿಡಕ್ಕ ಊಟ ಹೋಯ್ತು, ಡ್ರಿಪ್ ಕಟ್ಟಿತು. ತೆಳು ಮಾಡಿದ ನೀರಿನಾಗ ಎರಡೂ ಕೂಡಿದ್ರ ತೊಂದರೆ ಇಲ್ಲ.

ಎರಡನೇದು, ಪಿಎಚ್. 5.5ರಿಂದ 6.5ರೊಳಗ ಇರಬೇಕು. ನಮ್ಮ ಎರಿ ಭೂಮಿಯ ಬೋರಿನ ನೀರಿನಾಗ ಬೈಕಾರ್ಬೊನೇಟ್ ಜಾಸ್ತಿ, ಅದು ಪಿಎಚ್ ಮ್ಯಾಲ ಎಳೀತೈತಿ, ಕಬ್ಬಿಣ ಸಿಗಲಾರದ ಎಳಿ ಎಲಿ ಹಳದಿ ಆಗತಾವ. ಇಳಿಸಾಕ ನೈಟ್ರಿಕ್ ಇಲ್ಲಾ ಫಾಸ್ಫಾರಿಕ್ ಆಸಿಡ್ ಬೇಕು. ನೀರಿಗೆ ಆಸಿಡ್ ಹಾಕ್ರಿ, ಆಸಿಡ್‌ಗೆ ನೀರು ಹಾಕಬ್ಯಾಡ್ರಿ. ಕೈಗವಸು, ಕನ್ನಡಕ ಮರೀಬ್ಯಾಡ್ರಿ.

ಮೂರನೇದು, ಇ.ಸಿ. ಮೀಟರು ಒಟ್ಟು ಉಪ್ಪು ತೋರಿಸತೈತಿ, ಯಾವ ಉಪ್ಪು ಅಂತ ಹೇಳೂದಿಲ್ಲ. ಇಲ್ಲೇ ವುಡ್‌ವರ್ಡ್ ಮಾತು ಬರೂದು. ಹೋಗ್ಲಂಡ್ ಪಾಕದಾಗ ಕ್ಯಾಲ್ಸಿಯಂ 200 ಪಿಪಿಎಂ. ನಿಮ್ಮ ಬೋರಿನಾಗ ಆಗಲೇ 80 ಇದ್ರ ಹಾಕಬೇಕಾದ್ದು 120 ಅಷ್ಟ. ಕ್ಯಾಲ್ಸಿಯಂ ನೈಟ್ರೇಟ್ ಇಳಿಸಿದಾಗ ಸಾರಜನಕನೂ ಇಳೀತೈತಿ, ಅದನ್ನ ಬ್ಯಾರೆ ಕಡೆಯಿಂದ ತುಂಬಬೇಕು. ಸೋಡಿಯಂ ಇದ್ರ ಇನ್ನೂ ಕಷ್ಟ. ಗಿಡ ತನಗ ಬೇಕಾದ್ದು ಕುಡದು ಸೋಡಿಯಂ ಬಿಡತೈತಿ. ಅದ ನೀರು ತಿರುಗಿಸಿ ತಿರುಗಿಸಿ ಬಿಟ್ರ, ಮೀಟರು "ಸರಿ ಐತಿ" ಅಂತಿರತೈತಿ, ಒಳಗ ಊಟ ಕಡಿಮೆ, ಉಪ್ಪು ಜಾಸ್ತಿ ಆಗಿರತೈತಿ. ಬರೇ ನೀರಿನ ಇ.ಸಿ.ನೇ 1ರ ಮ್ಯಾಲಿದ್ರ ತಿರುಗೋ ಪದ್ಧತಿಗೆ ಕೈ ಹಾಕಬ್ಯಾಡ್ರಿ. ಕೃಷಿ ಹೊಂಡದ ಮಳೆ ನೀರು ಇದ್ದವರಿಗೆ ಇಲ್ಲಿ ದೊಡ್ಡ ಅನುಕೂಲ.

ನಾಲ್ಕನೇದು, ಕರೆಂಟು. ಇಂಗ್ಲೆಂಡಿನ ಅಲೆನ್ ಕೂಪರ್ ಬೆಳೆಸಿದ ತೆಳು ನೀರಿನ ಪೈಪ್ ಪದ್ಧತಿಯಾಗ ಪಂಪು ನಿಂತ್ರ ನಮ್ಮ ಬ್ಯಾಸಿಗಿಯಾಗ ತಾಸುಗಳೊಳಗ ಬೇರು ಒಣಗತೈತಿ. ಕೋಕೋಪೀಟ್ ಆದ್ರ ನೀರು ಹಿಡಕೊಂಡು ಒಂದಿಷ್ಟು ತಡೀತೈತಿ. ತ್ರೀ ಫೇಸ್ ಬರೋ ಹೊತ್ತು ನಿಮಗ ಗೊತ್ತೇ ಐತಲ್ರಿ.

ಎರಿ ಮಣ್ಣು ತಾಯಿ ಇದ್ದಂಗ. ಗೊಬ್ಬರ ಒಂದು ಮುಷ್ಟಿ ಹೆಚ್ಚಾದ್ರೂ ಹೊಟ್ಟಿಯಾಗ ಹಾಕ್ಕೊಂಡು ಸಂಬಾಳಿಸತೈತಿ. ನೀರಿಗೆ ಆ ತಾಳ್ಮಿ ಇಲ್ಲ. ಮಣ್ಣು ಮಾಡೋ ಕೆಲಸ ದಿನಾ ನಾವು ಮಾಡಬೇಕು, ಮುಂಜಾನೆ ಸಂಜಿ ಮೀಟರ್ ಹಿಡಕೊಂಡು.

ಅದಕ್ಕ ನನ್ನ ಮಾತು ಇಷ್ಟ. ಚಲೋ ಮಣ್ಣಿದ್ದವರು ಅವಸರ ಮಾಡಬ್ಯಾಡ್ರಿ. ಸವಳು ಹತ್ತಿದ, ಕಲ್ಲು ತುಂಬಿದ ಭೂಮಿ ಇದ್ದು, ನೀರು ಚಲೋ ಇದ್ದು, ಹತ್ರ ಮಾರುಕಟ್ಟಿ ಇದ್ದವರು ವಿಚಾರ ಮಾಡ್ರಿ. ಮೊದಲ ಒಂದು ಬಾಟ್ಲಿ ನೀರು ತುಂಬಿಕೊಂಡು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಹೋಗಿ ಪರೀಕ್ಷೆ ಬಗ್ಗೆ ಕೇಳ್ರಿ. ಪಿಎಚ್, ಇ.ಸಿ., ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಕ್ಲೋರೈಡ್, ಈ ಏಳು ಅಂಕಿ ಕೈಯಾಗ ಬಂದ ಮ್ಯಾಲ ಶೆಡ್ಡಿನ ಮಾತು ತೆಗೀರಿ. ಆ ಅಂಕಿ ಕೇಳಲಾರದ ಶೆಡ್ ಕಟ್ಟಿಸಿಕೊಡ್ತೀನಿ ಅನ್ನಾವನಿಗೆ ಅಡ್ವಾನ್ಸ್ ಕೊಡಬ್ಯಾಡ್ರಿ.