ಮಾಹಿತಿ ಅರಸುವಿಕೆ: ಶಿರಸಿ, ಸಿದ್ದಾಪುರ, ಯಲ್ಲಾಪುರ

ಬೇಕಾದ ಸಂಗತಿಯನ್ನು ಜನ ಯಾರಲ್ಲಿ ಕೇಳುತ್ತಾರೆ, ಕೇಳಿದ್ದರಲ್ಲಿ ಯಾವುದನ್ನು ನಂಬುತ್ತಾರೆ, ನಂಬಿದ್ದನ್ನು ಯಾವ ಕೆಲಸಕ್ಕೆ ಹಚ್ಚುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ನಡೆಯುವ ಅಧ್ಯಯನ. ಗ್ರಂಥಾಲಯ ಶಾಸ್ತ್ರದಲ್ಲಿ ಹುಟ್ಟಿದ ಈ ವಿಷಯ ಈಗ ಕೃಷಿ ವಿಸ್ತರಣೆ, ಆರೋಗ್ಯ, ಆಡಳಿತ ಎಲ್ಲಕ್ಕೂ ಹಬ್ಬಿದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳು ಇದಕ್ಕೆ ಒಳ್ಳೆಯ ಕ್ಷೇತ್ರ. ಇಲ್ಲಿ ಕಾಡು ಒಂದೇ, ಮಳೆ ಒಂದೇ, ದೊಡ್ಡ ಪೇಟೆಯೂ ಹೆಚ್ಚುಕಡಿಮೆ ಒಂದೇ. ಆದರೆ ಅಡಿಕೆ ತೋಟದ ಹವ್ಯಕರು, ಗದ್ದೆಯ ದೀವರು, ಕರೆ ಒಕ್ಕಲಿಗರು, ಕುಣಬಿಗಳು, ದನ ಸಾಕುವ ಗೌಳಿಗರು, ಯಲ್ಲಾಪುರದ ಕಾಡಂಚಿನ ಸಿದ್ದಿಗಳು ಒಂದೇ ಸುದ್ದಿಯನ್ನು ಬೇರೆ ಬೇರೆ ಬಾಗಿಲಿನಲ್ಲಿ ಕೇಳುತ್ತಾರೆ. ಈ ವ್ಯತ್ಯಾಸಕ್ಕೆ ಅಕ್ಷರಜ್ಞಾನವನ್ನೋ ಮೊಬೈಲನ್ನೋ ಕಾರಣವಾಗಿ ಹೇಳುವುದು ವಾಡಿಕೆ. ಈ ಲೇಖನದ ನಿಲುವು ಬೇರೆ: ಸುದ್ದಿಗೆ ಜಾಮೀನು ನಿಲ್ಲುವವರು ಯಾರು, ಸುದ್ದಿ ಸಿಕ್ಕ ಮೇಲೆ ಕಾಯುವ ತಾಕತ್ತು ಯಾರಿಗಿದೆ ಎಂಬೆರಡೇ ಇಲ್ಲಿ ನಿರ್ಣಾಯಕ.

ಪರಿಕಲ್ಪನೆ

ಎವರೆಟ್ ರೋಜರ್ಸ್ 1962ರಲ್ಲಿ ಪ್ರಕಟಿಸಿದ ಗ್ರಂಥ, ಹೊಸ ಪದ್ಧತಿಯನ್ನು ಬೇಗ ಹಿಡಿಯುವವರು, ತಡವಾಗಿ ಹಿಡಿಯುವವರು ಎಂದು ರೈತರನ್ನು ವಿಂಗಡಿಸಿತು. ನಮ್ಮ ಕೃಷಿ ಇಲಾಖೆಗಳ ಮಾತಿನಲ್ಲಿ ಇಂದಿಗೂ ಅದರ ನೆರಳಿದೆ. ಈ ವಿಂಗಡಣೆಯ ದೋಷವೆಂದರೆ ತಡವನ್ನು ಮನುಷ್ಯನ ಸ್ವಭಾವಕ್ಕೆ ಅಂಟಿಸುವುದು. 1981ರಲ್ಲಿ ಬ್ರಿಟನ್ನಿನ ಟಿ. ಡಿ. ವಿಲ್ಸನ್, ಜನರಿಗೆ ಬೇಕಿರುವುದು ಮಾಹಿತಿಯಲ್ಲ, ಹೊಟ್ಟೆ, ಮನಸ್ಸು, ಬುದ್ಧಿಗಳ ಬೇರೆ ಅಗತ್ಯಗಳ ಪೂರೈಕೆ; ಮಾಹಿತಿ ಅದಕ್ಕೊಂದು ದಾರಿ ಮಾತ್ರ ಎಂದು ವಾದಿಸಿದರು. ಅಮೆರಿಕದ ಎಲ್ಫ್ರೆಡಾ ಚಾಟ್‌ಮನ್ ಕಸ ಗುಡಿಸುವವರು, ಬಡ ಹೆಂಗಸರು, ವೃದ್ಧೆಯರ ನಡುವೆ ನಡೆಸಿದ ಅಧ್ಯಯನಗಳಿಂದ 1996ರಲ್ಲಿ ಇನ್ನೊಂದು ಮಾತು ಸೇರಿಸಿದರು: ಅಂಚಿನ ಜನ ಕೇಳದೆ ಸುಮ್ಮನಿರುವುದು ಅಜ್ಞಾನದಿಂದಲ್ಲ, ಕೇಳಿದರೆ ತಮ್ಮ ಕಷ್ಟ ಬಯಲಾಗುತ್ತದೆ, ಅದರಿಂದ ಲಾಭಕ್ಕಿಂತ ಹಾನಿ ಹೆಚ್ಚು ಎಂಬ ಲೆಕ್ಕಾಚಾರದಿಂದ. ಮಲೆನಾಡಿನ ಮಟ್ಟಿಗೆ ರೋಜರ್ಸ್‌ಗಿಂತ ಚಾಟ್‌ಮನ್ ಹೆಚ್ಚು ಉಪಯುಕ್ತ.

ಅಡಿಕೆ ಧಾರಣೆ

ಅಡಿಕೆ ಬೆಳೆಗಾರನ ಮೊದಲ ಪ್ರಶ್ನೆ ‘ಇವತ್ತಿನ ರೇಟು ಎಷ್ಟು’ ಎಂದು ಹೊರಗಿನವರು ಭಾವಿಸುತ್ತಾರೆ. ನಿಜವಾದ ಪ್ರಶ್ನೆ ಅದಕ್ಕಿಂತ ಮೊದಲೇ ಹುಟ್ಟುತ್ತದೆ. ಪೂರ್ತಿ ಬಲಿಯುವ ಮುನ್ನ ಕೊನೆ ಇಳಿಸಿ, ಸುಲಿದು, ಬೇಯಿಸಿ, ಚೊಗರು ಕೊಟ್ಟು ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲಿಗೆ ಹಾಕಿ ಸುಲಿದರೆ ಚಾಲಿ. ಒಂದನ್ನು ಆರಿಸಿದ ಮೇಲೆ ಇನ್ನೊಂದಕ್ಕೆ ಮರಳುವಂತಿಲ್ಲ. ಆದ್ದರಿಂದ ಕೊನೆಕೊಯ್ಲಿಗೆ ಮುಂಚೆ ಅವನು ಅರಸುವುದು ಇಂದಿನ ದರವನ್ನಲ್ಲ, ಮುಂದಿನ ಬೇಸಗೆಯಲ್ಲಿ ಕೆಂಪಿಗೂ ಬಿಳಿಗೂ ಇರಬಹುದಾದ ಅಂತರವನ್ನು. ಅದರ ಮೇಲೆ ಕೂಲಿಯಾಳು ಸಿಗುತ್ತಾರೆಯೇ, ಮೋಡ ಎಷ್ಟು ದಿನ, ಒಲೆಗೆ ಸೌದೆ ಇದೆಯೇ ಎಂಬ ಲೆಕ್ಕ. ಮಾರುಕಟ್ಟೆಗೆ ಬಂದಾಗ ಈ ಎರಡು ದಾರಿಗಳು ಹಲವು ಕವಲಾಗಿರುತ್ತವೆ: ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ, ಚಾಲಿ, ಯಲ್ಲಾಪುರದ ಪಟ್ಟಿಯಲ್ಲಿ ಅಪಿ ಎಂಬ ಇನ್ನೊಂದು. ಪತ್ರಿಕೆಯಲ್ಲಿ ಒಂದೊಂದಕ್ಕೂ ಕನಿಷ್ಠ, ಗರಿಷ್ಠ ದರ ಅಚ್ಚಾಗುತ್ತದೆ. ಆದರೆ ತನ್ನ ಅಂಗಳದ ಅಡಿಕೆ ಆ ಎರಡು ಅಂಕಿಗಳ ನಡುವೆ ಎಲ್ಲಿ ಬೀಳುತ್ತದೆ ಎಂಬುದನ್ನು ಪತ್ರಿಕೆ ಹೇಳಲಾರದು. ಅದನ್ನು ಹೇಳುವುದು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುವ ಕಣ್ಣು.

ಹಾಗಾದರೆ ಆ ಕಣ್ಣು ಯಾರ ಪರ? 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯ, ಜನರ ಬಾಯಲ್ಲಿ ಟಿಎಸ್ಎಸ್‌ನ, ಮಹತ್ವವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಬೇಕು. ಕಡವೆ ಶ್ರೀಪಾದ ಹೆಗಡೆಯವರ ಹೆಸರಿನೊಂದಿಗೆ ಬೆಸೆದುಕೊಂಡ ಈ ಸಂಸ್ಥೆಯನ್ನು ಸಾಮಾನ್ಯವಾಗಿ ದಲಾಲರ ಹಿಡಿತ ಬಿಡಿಸಿದ ಸಹಕಾರಿ ಎಂದು ವರ್ಣಿಸುತ್ತಾರೆ. ಅದು ಸರಿ, ಆದರೆ ಅದರ ಇನ್ನೊಂದು ಮುಖ ಮಾಹಿತಿ ಸಂಸ್ಥೆಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೇಶದ ಅನೇಕ ಪೇಟೆಗಳಲ್ಲಿ ದಲಾಲ ಮತ್ತು ಖರೀದಿದಾರ ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ದರ ಕುದುರಿಸುತ್ತಿದ್ದರು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ತಿಳಿಯುತ್ತಿದ್ದುದು ಕೊನೆಯ ಅಂಕಿ ಮಾತ್ರ. ಸೊಸೈಟಿಯ ಕ್ರಮದಲ್ಲಿ ಬೆಳೆಗಾರ ತಂದ ಮಹಸೂಲನ್ನು ತೂಗಿ, ದರ್ಜೆ ನೋಡಿ, ಪ್ರತಿ ರಾಶಿಗೂ ಗುರುತು ಹಾಕಿ ಇಡುತ್ತಾರೆ. ವ್ಯಾಪಾರಿಗಳು ನೋಡಿ ಟೆಂಡರ್ ಸಲ್ಲಿಸುತ್ತಾರೆ. ಹೆಚ್ಚಿನ ದರ ಎಲ್ಲರೆದುರು ಘೋಷಣೆಯಾಗುತ್ತದೆ. ಒಪ್ಪಿಗೆಯಾಗದಿದ್ದರೆ ಬೆಳೆಗಾರ ಮಾಲನ್ನು ಅಲ್ಲೇ ಇಟ್ಟು ಮುಂಗಡ ಪಡೆದು ಊರಿಗೆ ಮರಳಬಹುದು. ಈ ಕೊನೆಯ ಸೌಲಭ್ಯವೇ ಇಡೀ ವ್ಯವಸ್ಥೆಯ ಕೀಲಿ. ದರ ತಿಳಿಸಿದ್ದರಿಂದ ಬೆಳೆಗಾರ ಬಲಗೊಳ್ಳಲಿಲ್ಲ. ‘ಬೇಡ’ ಎನ್ನಲು ಬೇಕಾದ ಹಣವನ್ನು ದರದ ಜೊತೆಗೇ ಕೈಗಿತ್ತದ್ದರಿಂದ ಬಲಗೊಂಡ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಭೌಗೋಳಿಕ ಸೂಚ್ಯಂಕದ ಮುದ್ರೆ ದೊರೆತದ್ದೂ ಇದೇ ಸಂಸ್ಥೆಯ ಮೂಲಕ. ಅಂಗಳದ ಗುಣಕ್ಕೆ ಜಾಮೀನು ನಿಲ್ಲುವ ಹಳೆಯ ಕೆಲಸದ ಹೊಸ ರೂಪ ಅದು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಕೇರಳದ ಮೀನುಗಾರರ ನಡುವೆ 1997ರಿಂದ ಮೊಬೈಲ್ ಹಬ್ಬಿದ ಬಗೆಯನ್ನು ಪರಿಶೀಲಿಸಿದ ರಾಬರ್ಟ್ ಜೆನ್ಸನ್‌ರ 2007ರ ಅಧ್ಯಯನ, ಫೋನ್ ಬಂದ ಮೇಲೆ ಬಂದರಿನಿಂದ ಬಂದರಿಗೆ ಇದ್ದ ದರದ ಏರುಪೇರು ಇಳಿಯಿತು, ಮೀನು ಎಸೆಯುವುದು ನಿಂತಿತು ಎಂದು ತೋರಿಸಿತು. ಅಂದಮೇಲೆ ಸಾಧನವೇ ಸಾಕಲ್ಲವೇ? ಮೀನಿಗೆ ಸಾಕು. ದಡ ಸೇರುವ ಮುನ್ನ ಕೊಳೆಯತೊಡಗುವ ಮಾಲಿಗೆ ಕಾಯುವ ಪ್ರಶ್ನೆಯೇ ಇಲ್ಲ. ದೋಣಿಯನ್ನು ಎತ್ತ ತಿರುಗಿಸಬೇಕೆಂಬುದಷ್ಟೇ ತೀರ್ಮಾನ. ಅಡಿಕೆ, ಅದರಲ್ಲೂ ಚಾಲಿ, ತಿಂಗಳುಗಟ್ಟಲೆ ಇಡಬಹುದಾದ ಮಾಲು. ಈಗ ದಿನದ ಧಾರಣೆ ವಾಟ್ಸ್ಆ್ಯಪ್‌ನಲ್ಲಿ ಎಲ್ಲರ ಕೈಗೂ ಬರುತ್ತದೆ. ಹತ್ತು ಎಕರೆಯವನಿಗೂ ಹತ್ತು ಗುಂಟೆಯವನಿಗೂ ಅದೇ ಅಂಕಿ. ಆದರೆ ಮಳೆಗಾಲದ ಖರ್ಚಿಗೆ ದಲಾಲರ ವಖಾರಿಯಲ್ಲಿ ಸಾಲ ಎತ್ತಿದವನು, ಬೇಯಿಸಲು ಒಲೆ, ಒಣಗಿಸಲು ಅಂಗಳವಿಲ್ಲದೆ ಹಸಿ ಅಡಿಕೆಯನ್ನೇ ಕೊಡುವವನು ಆ ಅಂಕಿಯನ್ನು ನೋಡಿ ಮಾಡಬಹುದಾದದ್ದು ಏನೂ ಇಲ್ಲ. ಅವನ ಪಾಲಿಗೆ ಅದು ಮಾಹಿತಿಯಲ್ಲ, ಸುದ್ದಿ.

ರೋಗ, ಮದ್ದು, ಮತ್ತು ಮರದ ಮೇಲಿನವನು

ಧಾರಣೆಯ ಸುದ್ದಿ ಪೇಟೆಯಿಂದ ಊರಿಗೆ ಇಳಿದರೆ ರೋಗದ ಸುದ್ದಿ ಮರದ ತುದಿಯಿಂದ ಇಳಿಯುತ್ತದೆ. ಮಳೆಗಾಲದ ಕೊಳೆರೋಗಕ್ಕೆ ಹುಲ್ಲಿನ ಕೊಟ್ಟೆ ಕಟ್ಟಿ ಕೊನೆಗಳನ್ನು ಮಳೆಯಿಂದ ಕಾಯುವುದು ಹಳೆಯ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿಗೆ ತಂದರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂಬ ಲೆಕ್ಕ ಇಂದು ತೋಟದ ಮಕ್ಕಳಿಗೂ ಬಾಯಿಪಾಠ. ಶಿರಸಿ, ಸಿದ್ದಾಪುರಗಳು ಆಗ ಮೈಸೂರಿನಲ್ಲಿರಲಿಲ್ಲ. 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆಡಳಿತದ ಗಡಿಯನ್ನು ಮದ್ದು ದಾಟಿದ್ದರಲ್ಲಿ ಮೈಸೂರಿಗೆ ಸೇರಿದ್ದ ಸಾಗರ ಸೀಮೆಯೊಂದಿಗಿನ ನೆಂಟಸ್ತಿಕೆಯ ಪಾತ್ರವೂ ಇದ್ದಿರಬೇಕು ಎಂದು ಊಹಿಸುವುದು ತಪ್ಪಾಗಲಾರದು. ನೆಂಟನ ತೋಟದಲ್ಲಿ ಕಣ್ಣಾರೆ ಕಂಡದ್ದಕ್ಕೆ ಇಲಾಖೆಯ ಕರಪತ್ರಕ್ಕಿಲ್ಲದ ಜಾಮೀನಿದೆ.

ಆದರೆ ಮರ ಹತ್ತಿ ಮದ್ದು ಹೊಡೆಯುವವನು, ಕೊನೆ ಕೊಯ್ಯುವವನು ತೋಟದ ಒಡೆಯನಲ್ಲ, ಕೊನೆಗೌಡ. ಒಂದು ಹಂಗಾಮಿನಲ್ಲಿ ಹತ್ತಾರು ತೋಟಗಳ ತಲೆಯನ್ನು ಹತ್ತಿರದಿಂದ ಕಾಣುವ ಅವನಷ್ಟು ಒಳ್ಳೆಯ ಮಾಹಿತಿದಾರ ಇನ್ನೊಬ್ಬನಿಲ್ಲ. ಇತ್ತೀಚಿನ ವರ್ಷಗಳ ಎಲೆಚುಕ್ಕಿ ರೋಗ ಸೋಗೆಯ ಕಾಯಿಲೆ. ಅದರ ಮೊದಲ ಚುಕ್ಕಿ ನೆಲದ ಮೇಲೆ ನಿಂತವನಿಗಿಂತ ಮೊದಲು ಅವನ ಕಣ್ಣಿಗೆ ಬೀಳುತ್ತದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿ ಕೊಟ್ಟು, ಬೆಳೆಗಾರನ ಅನುಭವವನ್ನು ತಜ್ಞನ ಮಾತಿನ ಸಮಕ್ಕೆ ತಂದು ನಿಲ್ಲಿಸಿತು. ಕನ್ನಡ ಕೃಷಿ ಪತ್ರಿಕೋದ್ಯಮದಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ. ಆದರೂ ಲೇಖನಿ ತಲುಪಿದ್ದು ತೋಟ ಇದ್ದವರ ಕೈಗೆ. ಮರದ ಮೇಲಿನವನು ಕಂಡದ್ದು ಒಡೆಯನ ಅನುಭವವಾಗಿಯೇ ಅಚ್ಚಾಗುತ್ತದೆ. ಅಕ್ಷರದ ಕೊರತೆಯೇ ಕಾರಣ ಎನ್ನುವವರು, ಬಲ್ಲವನು ಯಾರು ಮತ್ತು ಬಲ್ಲವನೆಂದು ಎಣಿಕೆಗೆ ಬರುವವನು ಯಾರು ಎಂಬುದನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು.

ಬೆಡ್ತಿ

ಮಾಹಿತಿಯನ್ನು ಅರಸುವುದು ಸಂಘಟಿತ ಕೆಲಸವಾದರೆ ಏನಾಗುತ್ತದೆ ಎಂಬುದಕ್ಕೆ ಬೆಡ್ತಿ ಜಲವಿದ್ಯುತ್ ಯೋಜನೆಯ ಪ್ರಸಂಗ ಸಾಕ್ಷಿ. ತೋಟಗಳು ಮುಳುಗುವ ಭೀತಿ ಎದುರಾದಾಗ ಅಡಿಕೆ ಬೆಳೆಗಾರರು ಮನವಿ, ಮೆರವಣಿಗೆಗಳಿಗೆ ನಿಲ್ಲಲಿಲ್ಲ. 1981ರ ಆರಂಭದಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಶಿರಸಿಗೆ ಕರೆಸಿ, ಯೋಜನೆಯ ಲಾಭನಷ್ಟದ ಲೆಕ್ಕವನ್ನೇ ಸಾಲುಸಾಲಾಗಿ ಪರೀಕ್ಷೆಗೆ ಒಡ್ಡಿದರು. ಬಿದಿರು, ಸೊಪ್ಪು, ಕಾಳುಮೆಣಸು ಮೊದಲಾದ ಕಾಡು-ತೋಟಗಳ ಉತ್ಪನ್ನಕ್ಕೆ ಬೆಲೆ ಕಟ್ಟಿದಾಗ ಲೆಕ್ಕ ತಲೆಕೆಳಗಾಯಿತು. ಯೋಜನೆ ಹಿಂದೆ ಸರಿಯಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯಲ್ಲಿ ಮರಗಳನ್ನು ತಬ್ಬಿ ನಿಂತ ಅಪ್ಪಿಕೋ ಚಳವಳಿಯನ್ನು ಎಲ್ಲರೂ ನೆನೆಯುತ್ತಾರೆ. ಮಾಹಿತಿಯ ಇತಿಹಾಸದಲ್ಲಿ ಅದಕ್ಕಿಂತ ಎರಡು ವರ್ಷ ಹಿಂದಿನ ಆ ಸಭೆಗೆ ಹೆಚ್ಚಿನ ಸ್ಥಾನ ಸಲ್ಲಬೇಕು.

ಹಿತ್ತಿಲು ಮತ್ತು ಗುಟ್ಟು

ಹೆಂಗಸರ ಮಾಹಿತಿ ಬೀಜದಲ್ಲಿ, ಗಡ್ಡೆಯಲ್ಲಿ, ಹೂಗಿಡದ ಕಡ್ಡಿಯಲ್ಲಿ ಸಂಚರಿಸುತ್ತದೆ. ತವರಿಗೆ ಹೋಗಿಬರುವ ದಾರಿಯೇ ಅದರ ಅಂಚೆ. 2001ರಲ್ಲಿ ಸುನೀತಾ ರಾವ್ ಶಿರಸಿಯಲ್ಲಿ ಕಟ್ಟಿದ ‘ವನಸ್ತ್ರೀ’ ಬಳಗ ಈ ದಾರಿಯನ್ನು ಜಾತಿಯಾಚೆಗೂ ವಿಸ್ತರಿಸಲು ಯತ್ನಿಸಿತು. ಹಂಚಿಕೆಗೆ ಎದುರಾಗಿ ಗುಟ್ಟೂ ಇದೆ. ಉಪ್ಪಿನಕಾಯಿಗೆ ಒದಗುವ ಒಳ್ಳೆಯ ಅಪ್ಪೆಮಿಡಿಯ ಮಾವಿನ ಮರ ಹೊಳೆಯಂಚಿನಲ್ಲಿ ಎಲ್ಲಿದೆ ಎಂಬುದನ್ನು ಬಲ್ಲವರು ಸುಲಭಕ್ಕೆ ಬಾಯಿಬಿಡುವುದಿಲ್ಲ. ಬಿಟ್ಟರೆ ಮುಂದಿನ ವರ್ಷ ಗೆಲ್ಲುಗಳೇ ಇರುವುದಿಲ್ಲ.

ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಈ ಜ್ವರ ಸಿದ್ದಾಪುರವನ್ನು ಪದೇಪದೇ ಕಾಡಿದೆ, 2024ರಲ್ಲೂ ಜೀವಹಾನಿಯಾಯಿತು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿಯೇ ಇದರ ಮುನ್ನೆಚ್ಚರಿಕೆ. ಅದನ್ನು ಮೊದಲು ಕಾಣುವವರು ಸೊಪ್ಪು, ದರಕು (ಒಣ ಎಲೆ), ಸೌದೆಗೆ ಹೋದವರು, ದನ ಮೇಯಿಸುವವರು. ಆರೋಗ್ಯ ಇಲಾಖೆ ಇವರ ವರದಿಯನ್ನೇ ನೆಚ್ಚಿದೆ. ಆದರೆ ಅರಣ್ಯ ಇಲಾಖೆಯ ಕಡತದಲ್ಲಿ ಇವರಲ್ಲಿ ಅನೇಕರು ಅತಿಕ್ರಮಣದಾರರು. ಕಾಡಿನ ಯಾವ ಮೂಲೆಯಲ್ಲಿ, ಯಾವ ಕೆಲಸಕ್ಕೆ ಹೋಗಿದ್ದಿರಿ ಎಂಬ ಮರುಪ್ರಶ್ನೆ ಬರಬಹುದಾದಲ್ಲಿ ಕಂಡದ್ದನ್ನು ನುಂಗಿಕೊಳ್ಳುವುದು ಚಾಟ್‌ಮನ್ ಹೇಳಿದ ಲೆಕ್ಕಾಚಾರಕ್ಕೆ ತೀರ ಹತ್ತಿರದ್ದು.

ಕಾಗದ ಮತ್ತು ಬಾಯಿಮಾತು

ಭೂಮಿಯ ವಿಷಯದಲ್ಲಿ ಗುಂಪುಗಳ ನಡುವಿನ ಅಂತರ ಅತ್ಯಂತ ನಿಚ್ಚಳ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದ ಸೌಲಭ್ಯ ಕೊಟ್ಟ ಬ್ರಿಟಿಷ್ ಆಡಳಿತ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗಿನ ಬೆಟ್ಟವನ್ನು ಅಳೆದು ದಾಖಲಿಸಿತು. ತೋಟಿಗರ ಮನೆಯ ಪೆಟ್ಟಿಗೆಯಲ್ಲಿ ಕಾಗದ ಉಳಿಯಿತು. ಅದೇ ಬೆಟ್ಟದಲ್ಲಿ ಸೊಪ್ಪು ಕಡಿದವರ ಹೆಸರು ಯಾವ ಕಾಗದದಲ್ಲೂ ಇಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿದಾರರಿಗೆ ಬೇಕಿದ್ದ ಮಾಹಿತಿ ಎರಡೇ: ಗೇಣಿಭೂಮಿಯ ಹಕ್ಕಿಗೆ ಸಲ್ಲಿಸುವ ನಮೂನೆ 7ರ ಅರ್ಜಿ, ಮತ್ತು 1979ರ ಜೂನ್ 30ಕ್ಕೆ ಮುಗಿದ ಅದರ ಗಡುವು. ಸಾಗುವಳಿಗೆ ನೆರೆಹೊರೆಯವರ ಸಾಕ್ಷಿ ನ್ಯಾಯಮಂಡಳಿಯಲ್ಲಿ ನಡೆಯುತ್ತಿತ್ತಾದ್ದರಿಂದ ಓದು ಬಾರದ ಎಷ್ಟೋ ಒಕ್ಕಲುಗಳು ಗೆದ್ದವು. ಅಕ್ಷರವೇ ಎಲ್ಲ ಎಂಬ ವಾದಕ್ಕೆ ಇದು ನೇರ ಉತ್ತರ.

2006ರ ಅರಣ್ಯ ಹಕ್ಕು ಕಾಯ್ದೆ ಲೆಕ್ಕವನ್ನು ಬದಲಿಸಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಭೂಮಿ ತಮ್ಮ ಅನುಭೋಗದಲ್ಲಿತ್ತೆಂದು ತೋರಿಸಿದರೆ ಸಾಕು; ಉಳಿದವರು ಅದರ ಜೊತೆಗೆ, ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ವಾಸಿಸಿ ಅದನ್ನೇ ನಂಬಿ ಬದುಕಿದ್ದನ್ನು ಸಾಬೀತುಪಡಿಸಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರು. ಹೀಗಾಗಿ ಅವರು ಅರಸಬೇಕಾದದ್ದು ಒಂದು ಜಾತಿ ಪ್ರಮಾಣಪತ್ರ ಮತ್ತು ಇತ್ತೀಚಿನ ಸಾಕ್ಷ್ಯ. ಪಕ್ಕದ ಹಾಡಿಯ ಕುಣಬಿ, ಗೌಳಿ, ದೀವರ ಕುಟುಂಬಗಳಿಗೆ ಹಳೆಯ ಗೆಜೆಟಿಯರು, ಜನಗಣತಿ, ಅರಣ್ಯ ನಕ್ಷೆ, ಶಾಲೆಯ ದಾಖಲಾತಿಗಳ ಬೆನ್ನಟ್ಟುವ ಕೆಲಸ. ಒಂದೇ ಕಾಡು, ಒಂದೇ ಬಡತನ, ಒಂದೇ ಓದು. ಅರಸುವ ದಾರಿ ಮಾತ್ರ ಬೇರೆ. ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರೆಸಿ ಸಾಕ್ಷ್ಯವಾಗಿ ಕೊಡಬಹುದೆಂದು ಸ್ಪಷ್ಟವಾಗಿ ಹೇಳುತ್ತವೆ. ಇಂಥದ್ದೇ ಕಾಗದ ಬೇಕೆಂದು ಸಮಿತಿಗಳು ಹಟ ಹಿಡಿಯಕೂಡದು ಎಂಬ ತಿದ್ದುಪಡಿಯೂ 2012ರಲ್ಲಿ ಬಂತು. ಆದರೂ ಪರಿಶಿಷ್ಟ ಪಂಗಡಕ್ಕೆ ಸೇರದವರ ಅರ್ಜಿಗಳು ಜಿಲ್ಲೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಿರಸ್ಕೃತವಾದದ್ದು 75 ವರ್ಷದ ದಾಖಲೆಯ ಕೊರತೆಯಿಂದಲೇ. 2005ರಿಂದ 75 ವರ್ಷ ಹಿಂದಕ್ಕೆ ಹೋದರೆ 1930. ಆ ವರ್ಷ ಹತ್ತು ತುಂಬಿದ್ದ ಹುಡುಗನಿಗೆ, ಕಾಯ್ದೆಯ ನಿಯಮಗಳು ಜಾರಿಗೆ ಬಂದ 2008ರ ಹೊತ್ತಿಗೆ, ಎಂಬತ್ತೇಳು ದಾಟಿತ್ತು.