ಮತ್ಸ್ಯವೃಷ್ಟಿಯ ಉಲ್ಲೇಖಗಳು ಮತ್ತು ಅವುಗಳ ಪ್ರಾಮಾಣ್ಯ

ಪ್ರಾಚೀನ ಗ್ರಂಥಗಳಲ್ಲಿ ಅದ್ಭುತವರ್ಣನೆಗಳು ಎದುರಾದಾಗ ವ್ಯಾಖ್ಯಾನಕಾರರಿಗೆ ಎರಡು ಮಾರ್ಗಗಳು ಸುಲಭವಾಗಿ ತೋರುತ್ತವೆ. ಶಾಸ್ತ್ರವಚನವೆಂದು ಪೂರ್ತಿಯಾಗಿ ಅಂಗೀಕರಿಸುವುದು ಒಂದು. ಕಲ್ಪನೆಯೆಂದು ಪೂರ್ತಿಯಾಗಿ ತಳ್ಳಿಹಾಕುವುದು ಮತ್ತೊಂದು. ಈ ಎರಡೂ ವಿಚಾರಕ್ಕೆ ವಿಘ್ನಗಳೇ. ಆಕಾಶದಿಂದ ಪ್ರಾಣಿಗಳು ಸುರಿದವೆಂಬ ಉಲ್ಲೇಖಗಳು ಇದಕ್ಕೆ ತಕ್ಕ ನಿದರ್ಶನ.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಉತ್ಪಾತಾಧ್ಯಾಯದಲ್ಲಿ ವೃಷ್ಟಿಯ ವಿಕಾರಗಳನ್ನು ಎಣಿಸುತ್ತ, ರಕ್ತ, ಮಾಂಸ, ಧಾನ್ಯ, ಧೂಳು ಮೊದಲಾದವುಗಳ ಮಳೆಯೊಡನೆ ವಿಕೃತ ಪ್ರಾಣಿಗಳ ಮಳೆಯನ್ನೂ ಹೇಳಿ, ಅದರ ಫಲವು ಸಸ್ಯಗಳಿಗೆ ಈತಿಬಾಧೆಯೆಂದು ನಿರ್ಣಯಿಸಿದ್ದಾನೆ. ಮಳೆ ಮುಂತಾದ ನಿಸರ್ಗವ್ಯಾಪಾರಗಳನ್ನೂ ಅವುಗಳ ಶಕುನಗಳನ್ನೂ ಕನ್ನಡದಲ್ಲಿ ನಿರೂಪಿಸಿದ ರಟ್ಟಕವಿಯ ರಟ್ಟಮತವು ಇಂತಹ ಶಾಸ್ತ್ರವರ್ಗಕ್ಕೇ ಸೇರಿದುದು. ಇತ್ತ ಗ್ರೀಕ್ ಭಾಷೆಯ ಲೇಖಕನಾದ ಅಥೀನಿಯಸನು ಕ್ರಿ. ಶ. 200ರ ಸುಮಾರಿನ ತನ್ನ ಗ್ರಂಥದ 8ನೆಯ ಭಾಗದಲ್ಲಿ, ಖೆರ್ಸೊನೀಸಿನಲ್ಲಿ ಮೂರು ದಿನ ಮೀನಿನ ಮಳೆಯಾಯಿತೆಂದೂ, ಪಯೋನಿಯ ದರ್ದಾನಿಯಗಳಲ್ಲಿ ಕಪ್ಪೆಗಳು ಸುರಿದು ಮನೆಗಳೂ ದಾರಿಗಳೂ ತುಂಬಿ, ಜನರು ದೇಶವನ್ನೇ ಬಿಟ್ಟರೆಂದೂ ಪೂರ್ವಲೇಖಕರ ಮಾತನ್ನು ಎತ್ತಿ ಹೇಳುತ್ತಾನೆ. ಈತನು ಕಂಡವನಲ್ಲ, ಕೇಳಿ ಬರೆದವನು ಎಂಬುದನ್ನು ಮರೆಯಲಾಗದು.

ಇಲ್ಲಿ ಪ್ರತ್ಯಕ್ಷವೆಷ್ಟು, ಅನುಮಾನವೆಷ್ಟು ಎಂಬುದೇ ಮುಖ್ಯಪ್ರಶ್ನೆ. ಮಳೆ ನಿಂತ ಮೇಲೆ ನೆಲದ ಮೇಲೆ ಮೀನು ಬಿದ್ದಿರುವುದು ಪ್ರತ್ಯಕ್ಷ. ಅದು ಮುಗಿಲಿನಿಂದ ಬಿತ್ತೆಂಬುದು ಅನುಮಾನ. ಈ ಹೇತುವು ವ್ಯಭಿಚಾರಿ. ಅನಾಬಾಸ್ ಎಂಬ ಜಾತಿಯ ಮೀನು ಒದ್ದೆನೆಲದ ಮೇಲೆ ತೆವಳಿ ಒಂದು ಹೊಂಡದಿಂದ ಮತ್ತೊಂದಕ್ಕೆ ಹೋಗಬಲ್ಲುದು. ಕೆಲವು ಮೀನುಗಳು ಬತ್ತಿದ ಕೆರೆಯ ಕೆಸರಿನಲ್ಲಿ ಅಡಗಿದ್ದು ಮಳೆಯೊಡನೆ ಮೇಲಕ್ಕೆ ಬರುತ್ತವೆ. ಸಿಂಹಳದ ಇಂತಹ ಸಂಗತಿಗಳನ್ನು ಟೆನೆಂಟನು 1861ರಲ್ಲಿಯೇ ವಿವರಿಸಿದ್ದಾನೆ. ಹೊಳೆಯ ನೆರೆಯೂ ಮೀನನ್ನು ಹೊಲದಲ್ಲಿ ಬಿಟ್ಟುಹೋಗಬಹುದು.

ಗೌತಮನ ನ್ಯಾಯಸೂತ್ರದ 2ನೆಯ ಅಧ್ಯಾಯದಲ್ಲಿ ಇಂತಹುದೇ ಆಕ್ಷೇಪವಿದೆ. ನದಿ ತುಂಬಿದುದರಿಂದ ಮೇಲ್ಗಡೆ ಮಳೆಯಾಯಿತೆಂದು ಊಹಿಸಲಾಗದು, ಅಡ್ಡಗಟ್ಟೆಯಿಂದಲೂ ನೀರು ತುಂಬಬಹುದು ಎಂಬುದು ಪೂರ್ವಪಕ್ಷ. ಮಳೆಯ ಪ್ರವಾಹಕ್ಕೆ ಬೇರೆ ಲಕ್ಷಣಗಳಿವೆಯೆಂಬುದು ಸಿದ್ಧಾಂತ. ವೇಗ, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳು ಆ ವಿಶೇಷಗಳೆಂದು ವಾತ್ಸ್ಯಾಯನಭಾಷ್ಯವು ತಿಳಿಸುತ್ತದೆ. ಅಂತೆಯೇ ಮೀನು ಬಿದ್ದುದಕ್ಕೂ ವಿಶೇಷಲಕ್ಷಣವನ್ನು ಅರಸಬೇಕು.

ಅಂತಹ ಲಕ್ಷಣವೊಂದನ್ನು ಕಂಡವನು ಜೇಮ್ಸ್ ಪ್ರಿನ್ಸೆಪ್. ಬ್ರಾಹ್ಮೀಲಿಪಿಯನ್ನು 1837ರಲ್ಲಿ ಓದಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದ ಈ ವಿದ್ವಾಂಸನು ಅದಕ್ಕೆ ಮೊದಲು ಕಾಶಿಯ ಟಂಕಸಾಲೆಯಲ್ಲಿದ್ದನು. ಮೀನಿನ ಮಳೆಯನ್ನು ನಂಬದಿದ್ದ ಆತನಿಗೆ ಒಂದು ದಿನ ತನ್ನ ತೋಟದ ಮಳೆಮಾಪಕದ ಹಿತ್ತಾಳೆಯ ಆಲಿಕೆಯಲ್ಲಿ ಸಣ್ಣ ಮೀನೊಂದು ದೊರೆಯಿತು. ಆ ಯಂತ್ರವು ನೆಲದಿಂದ 5 ಅಡಿ ಎತ್ತರದ ಒಂಟಿ ಕಲ್ಲುಕಂಬದ ಮೇಲಿದ್ದಿತು. ತೆವಳುವ ಮೀನಾಗಲಿ ನೆರೆಯಾಗಲಿ ಅಲ್ಲಿಗೆ ಏರಲಾರದು. 1947ರ ಅಕ್ಟೋಬರ್ 23ರ ಬೆಳಿಗ್ಗೆ ಅಮೇರಿಕೆಯ ಲೂಯಿಸಿಯಾನ ಪ್ರಾಂತದ ಮಾರ್ಕ್ಸ್‌ವಿಲ್ ಪಟ್ಟಣದಲ್ಲಿ 2ರಿಂದ 9 ಅಂಗುಲದ ಸಿಹಿನೀರಿನ ಮೀನುಗಳು ಬೀದಿಗಳಲ್ಲಿ ಮಾತ್ರವಲ್ಲದೆ ಮನೆಗಳ ಮಾಡುಗಳ ಮೇಲೆಯೂ ಬಿದ್ದುವು. ಅಲ್ಲಿದ್ದ ಜೀವಶಾಸ್ತ್ರಜ್ಞ ಬಾಯ್ಕೋವನು ಅವನ್ನು ಒಡನೆಯೇ ಆಯ್ದು ಪರೀಕ್ಷಿಸಿ, 1949ರಲ್ಲಿ ವರದಿಯನ್ನು ಪ್ರಕಟಿಸಿದನು. ಭಾರತದ ವರದಿಗಳನ್ನು ಮತ್ಸ್ಯಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1933ರ ಸುಮಾರಿನಲ್ಲಿ ಸಂಗ್ರಹಿಸಿದರು.

ಬಿದ್ದುದು ನಿಜವಾದರೂ ಕಾರಣವು ಒಂದೇ ಎನ್ನಲಾಗದು. ಜಲಸ್ತಂಭವೋ ಸುಂಟರಗಾಳಿಯೋ ಸಣ್ಣ ಮೀನುಗಳನ್ನು ನೀರಿನಿಂದ ಎತ್ತಿ ದೂರದಲ್ಲಿ ಬಿಡುವುದೆಂಬ ಮತವು ಪ್ರಸಿದ್ಧವಾದರೂ, ಮಾರ್ಕ್ಸ್‌ವಿಲ್ಲಿನಲ್ಲಿ ಆ ಹೊತ್ತಿಗೆ ಅಂತಹ ಬಿರುಗಾಳಿ ಕಂಡುಬಂದಿರಲಿಲ್ಲ. ಹಾರುವ ನೀರುಹಕ್ಕಿಗಳು ಕಕ್ಕಿದ ಮೀನುಗಳೂ ಮಳೆಯಂತೆ ತೋರಬಹುದು.

ಆದಕಾರಣ ವರಾಹಮಿಹಿರನ ವಾಕ್ಯದಲ್ಲಿ ಎರಡು ಅಂಶಗಳನ್ನು ಬಿಡಿಸಿ ಓದುವುದು ಯುಕ್ತ. ಪ್ರಾಣಿಗಳು ಸುರಿಯುವುವೆಂಬುದು ಲೋಕಾನುಭವದಲ್ಲಿ ಬೇರುಳ್ಳುದಾಗಿರಬಹುದು. ಅದರಿಂದ ಬೆಳೆ ಕೆಡುವುದೆಂಬುದು ನಿಮಿತ್ತಶಾಸ್ತ್ರದ ಕಲ್ಪನೆ. ಎರಡನೆಯದನ್ನು ಬಿಡುವ ಭರದಲ್ಲಿ ಮೊದಲನೆಯದನ್ನು ಅತಿಶಯೋಕ್ತಿಯೆಂದು ವಿದ್ಯಾರ್ಥಿಗಳಿಗೆ ಬೋಧಿಸಿದರೆ, ಪೂರ್ವಿಕರು ಕಣ್ಣಾರೆ ಕಂಡು ಉಳಿಸಿಟ್ಟಿರಬಹುದಾದ ಸಾಕ್ಷ್ಯವೊಂದು ಅಲಂಕಾರದ ಹೆಸರಿನಲ್ಲಿ ಅಳಿದುಹೋಗುವುದು.