ಯ ಹೋಗಿ ಜ ಬಂತು

ಗೆಳತಿಯೊಬ್ಬಳು ಸ್ಪೇನಿಗೆ ಹೋಗಿ ಮೂವತ್ತನಾಲ್ಕು ದಿನ ನಡೆದು ಬಂದಳು. ಬಂದ ವಾರಕ್ಕೆ ಊಟಕ್ಕೆ ಕರೆದು, ಫೋನನ್ನು ನನ್ನ ಕೈಗಿಟ್ಟು, "ನೋಡ್ತಾ ಇರು, ಸಾರು ಬಿಸಿ ಮಾಡ್ತೀನಿ" ಅಂದಳು. ಸಾವಿರದ ಇನ್ನೂರು ಚಿಲ್ಲರೆ ಫೋಟೊ. ಸಾರು ಎರಡು ಸಲ ಬಿಸಿಯಾಯಿತು.

ಫ್ರಾನ್ಸಿನ ಗಡಿಯಂಚಿನ ಸ್ಯಾಂ-ಝಾಂ-ಪಿಯೆ-ದ-ಪೋರ್ ಎಂಬ ಪುಟ್ಟ ಊರಿನಿಂದ ಪಿರೆನೀಸ್ ಬೆಟ್ಟ ಹತ್ತಿ ಇಳಿದು, ಉತ್ತರ ಸ್ಪೇನನ್ನು ಅಡ್ಡಕ್ಕೆ ದಾಟಿ, ಸಾಂತಿಯಾಗೊ ದೆ ಕಾಂಪೊಸ್ತೆಲಾ ಮುಟ್ಟಬೇಕು. ಸುಮಾರು 780 ಕಿಲೋಮೀಟರು. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಯಾಕೋಬನ ಸಮಾಧಿ ಅಲ್ಲಿನ ಕೆಥೆಡ್ರಲಿನಲ್ಲಿದೆ ಎಂದು ನಂಬಿಕೆ. ಸಾವಿರ ವರ್ಷ ಮೀರಿ ಜನ ಅಲ್ಲಿಗೆ ನಡೆಯುತ್ತಿದ್ದಾರೆ. ಸ್ಪೇನಿನವರು ಇದಕ್ಕೆ ಬರೀ 'ಕಮಿನೊ' ಅನ್ನುತ್ತಾರೆ. ಹಾಗಂದರೆ ದಾರಿ, ಅಷ್ಟೆ.

"ನೀನು ಏನಂತೀಯ ಇದಕ್ಕೆ?" ಎಂದು ಕೇಳಿದೆ. "ಯಾತ್ರೆ. ಆದರೆ ಅಮ್ಮ ಊರಲ್ಲೆಲ್ಲ, ಮಗಳು ಜಾತ್ರೆಗೆ ಹೋಗಿದಾಳೆ ಅಂತ ಹೇಳಿಬಿಟ್ಟಿದಾರೆ."

ಅಮ್ಮನ ತಪ್ಪೇನಿಲ್ಲ. ಅವರದು ಕಾರ್ಕಳದ ಕಡೆ. ಅಲ್ಲಿ ಸಂತರ ಹತ್ತಿರ ಹೋಗುವುದೆಂದರೆ ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಕ್ಕೆ ಹೋಗುವುದು. ಊರವರ ಬಾಯಲ್ಲಿ ಅದು ಸಾಂತ್‌ಮಾರಿ, ಪತ್ರಿಕೆಯಲ್ಲಿ ಅತ್ತೂರು ಜಾತ್ರೆ. ಮೇಣದ ಬತ್ತಿಯ ಸಾಲು, ಬಳೆ ಅಂಗಡಿ, ಬಲೂನು, ಎಲ್ಲ ಮತದವರ ನೂಕುನುಗ್ಗಲು. ವ್ಯಾಕರಣ ಕೂಡ ಅಮ್ಮನ ಪರವೇ ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ತತ್ಸಮ-ತದ್ಭವದ ಪಟ್ಟಿ ನೆನಪಿದೆಯಲ್ಲ: ಯೋಗಿ-ಜೋಗಿ, ಯಮ-ಜವ, ಯಶ-ಜಸ, ಯಾತ್ರೆ-ಜಾತ್ರೆ. ಪದ ಒಂದೇ. ಸಂಸ್ಕೃತದಿಂದ ಹೊರಟಾಗ ಯ, ಊರು ಸೇರುವಷ್ಟರಲ್ಲಿ ಜ.

ಇದು ನಮ್ಮ ಕಡೆಯ ನಾಲಿಗೆಯ ಚಾಳಿ ಎಂದುಕೊಂಡಿದ್ದೆ. ಫೋನು ಹಿಡಿದು ಕೂತಾಗ ಹೊಳೆಯಿತು, ಯುರೋಪಿನ ನಾಲಿಗೆಯೂ ಇದೇ ಕೆಲಸ ಮಾಡಿದೆ. ಕನ್ನಡ ಬೈಬಲ್ಲಿನಲ್ಲಿ ಯಾಕೋಬ, ಯೋಸೇಫ, ಯೊಹಾನ, ಯೇಸು. ಚರ್ಚಿನ ಹೊರಗೆ ಬಂದರೆ ಜಾಕೋಬ್, ಜೋಸೆಫ್, ಜಾನ್, ಜೀಸಸ್. ಹೀಬ್ರೂವಿನ ಯಕಾರವನ್ನು ಗ್ರೀಕು, ಲ್ಯಾಟಿನ್ನು ಜೋಪಾನ ಮಾಡಿದವು. ಮುಂದೆ ಫ್ರಾನ್ಸು, ಇಂಗ್ಲೆಂಡು ಅದನ್ನು ಜ ಮಾಡಿದವು. ಅಂದರೆ ಮಂಗಳೂರಿನ ಪ್ರತಿಯೊಬ್ಬ ಜೋಸೆಫನೂ ವ್ಯಾಕರಣಕಾರ ಕೇಶಿರಾಜನ ಲೆಕ್ಕದಲ್ಲಿ ತದ್ಭವ. ಸಾಂತಿಯಾಗೊ ಮಾತ್ರ ಹಳೆಯ ಯಕಾರವನ್ನು ಬಿಟ್ಟುಕೊಡಲಿಲ್ಲ. ಬಿಡಿಸಿ ನೋಡಿದರೆ ಸಂತ ಇಯಾಗೊ, ನಮ್ಮ ಯಾಕೋಬನೇ.

ಯಾತ್ರೆಯ ಮೂಲಧಾತುವಿನಲ್ಲಿ ದೇವರೂ ಇಲ್ಲ, ಗುಡಿಯೂ ಇಲ್ಲ. 'ಯಾ' ಎಂದರೆ ಹೋಗು. ಅದಕ್ಕೇ ಈ ಪದ ಯಾರು ಕರೆದರೂ ಹಿಂದೆ ಹೋಗಿದೆ. ರಾಜರು ಕರೆದರು, ದಂಡಯಾತ್ರೆಯಾಯಿತು. ರಾಜಕಾರಣಿಗಳು ಕರೆದರು, ಪಾದಯಾತ್ರೆಯಾಯಿತು. ಹಿಂದೆ ಎಸಿ ಬಸ್ಸು ಬರುತ್ತಿದ್ದರೂ ಪಾದಯಾತ್ರೆಯೇ. ಮದುವೆಯ ಮನೆಯಲ್ಲಿ ಗಂಡು ಕೊಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿ ವಾಪಸಾದರೆ ಅದು ಕಾಶಿಯಾತ್ರೆ. ಪತ್ರಿಕೆಯವರಿಗೆ ಯಾರನ್ನೂ 'ಸತ್ತರು' ಎನ್ನಲು ಮನಸ್ಸಾಗುವುದಿಲ್ಲ, ಇಹಲೋಕ ಯಾತ್ರೆ ಮುಗಿಸುತ್ತಾರೆ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಜಾನ್ ಬನಿಯನ್ನನ ಪುಸ್ತಕವನ್ನು ಕನ್ನಡಕ್ಕೆ ತಂದಾಗ ಕೊಟ್ಟ ಹೆಸರು 'ಯಾತ್ರಿಕನ ಸಂಚಾರ'. ಕ್ರೈಸ್ತನ ನಡಿಗೆಗೂ ಈ ಪದ ತಕರಾರಿಲ್ಲದೆ ಒಗ್ಗಿತು.

ಯಾತ್ರಿಕನಿಗಿರುವ ಸ್ಪ್ಯಾನಿಷ್ ಹೆಸರು ಪೆರೆಗ್ರಿನೊ, ಇಂಗ್ಲಿಷ್ ಹೆಸರು ಪಿಲ್‌ಗ್ರಿಮ್, ಎರಡೂ ಲ್ಯಾಟಿನ್ನಿನ ಪೆರೆಗ್ರಿನುಸ್ ಎಂಬ ತಾಯಿಯ ಮಕ್ಕಳು. ಆ ಪದಕ್ಕೆ ಪುಣ್ಯದ ವಾಸನೆ ಹತ್ತಿದ್ದು ಆಮೇಲೆ. ಮೊದಲಿನ ಅರ್ಥ ಹೊರನಾಡಿನವನು, ಗುರುತಿಲ್ಲದವನು. ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುವುದಾದರೆ ಪರದೇಶಿ. ನಾವು ಆ ಪದವನ್ನು ಬಳಸುವ ದನಿ ನೋಡಿ: 'ಪಾಪ, ಪರದೇಶಿ ತರಹ ಕೂತಿದ್ದ.' ಊರಿಲ್ಲದವನು, ಕೇಳುವವರಿಲ್ಲದವನು. ಪೇತ್ರನ ಮೊದಲ ಪತ್ರದಲ್ಲಿ ವಿಶ್ವಾಸಿಗಳನ್ನೆಲ್ಲ ಈ ಲೋಕದ ಪರದೇಶಿಗಳೆಂದು ಕರೆದ ಕಡೆ ಲ್ಯಾಟಿನ್ ಬೈಬಲ್ಲು ಬಳಸಿರುವುದೂ ಇದೇ ಪೆರೆಗ್ರಿನುಸ್.

ಈ ವಿಷಯದಲ್ಲಿ ಇಟಲಿಯ ಕವಿ ದಾಂತೆ ಬಹಳ ಕಟ್ಟುನಿಟ್ಟು. 'ವೀಟಾ ನುವೋವಾ'ದಲ್ಲಿ ಅವನದೊಂದು ಲೆಕ್ಕವಿದೆ. ಪವಿತ್ರ ನಾಡಿಗೆ ಹೋಗಿ ತಾಳೆಗರಿ ತರುವವರಿಗೆ ಒಂದು ಹೆಸರು, ರೋಮಿಗೆ ಹೋಗುವವರಿಗೆ ಇನ್ನೊಂದು. ಪೆರೆಗ್ರಿನೊ ಎಂಬ ಹೆಸರು ಖಚಿತಾರ್ಥದಲ್ಲಿ ಸಲ್ಲುವುದು ಯಾಕೋಬನ ಸಮಾಧಿಗೆ ಹೋಗುವವರಿಗೆ ಮಾತ್ರ. ಯಾಕೆಂದರೆ ಬೇರೆ ಯಾವ ಅಪೊಸ್ತಲನೂ ಹುಟ್ಟಿದ ನೆಲದಿಂದ ಅಷ್ಟು ದೂರ ಮಣ್ಣಾಗಿಲ್ಲ. ಹೋಗುವವನು ಪರದೇಶಿ, ಅಲ್ಲಿ ಮಲಗಿರುವವನೂ ಪರದೇಶಿ. ನನಗೆ ಈ ತರ್ಕ ಬಹಳ ಹಿಡಿಸಿತು.

ಫೋಟೊಗಳಿಗೆ ಬರುತ್ತೇನೆ. ಮೊದಲ ಆರುನೂರರಲ್ಲಿ ಮನುಷ್ಯರೇ ಅಪರೂಪ. ಮೈಲಿಗಲ್ಲಿನ ಮೇಲೆ ಈ ದಾರಿಯ ಲಾಂಛನವಾದ ಚಿಪ್ಪು. ಗೋಡೆ, ಕರೆಂಟು ಕಂಬ, ಕೊಟ್ಟಿಗೆಯ ಬಾಗಿಲು, ಎಲ್ಲದರ ಮೇಲೂ ಹಳದಿ ಬಾಣ. ಈ ಬಾಣಗಳಿಗೆ ತುಂಬ ವಯಸ್ಸೇನಿಲ್ಲ. ದಾರಿ ಬಹುಮಟ್ಟಿಗೆ ಮರೆತುಹೋಗಿದ್ದಾಗ, 1984ರಲ್ಲಿ, ಒ ಸೆಬ್ರೆಯಿರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಾಲಿನ್ಯಾ ಹಳದಿ ಬಣ್ಣದ ಡಬ್ಬ ಹಿಡಿದು ಬಳಿಯಲು ಹೊರಟದ್ದು. 2024ರಲ್ಲಿ ಸಾಂತಿಯಾಗೊ ಮುಟ್ಟಿದವರ ಎಣಿಕೆ ಸುಮಾರು 5 ಲಕ್ಷ. ಮತ್ತೆ ಬೂಟುಗಳ ಫೋಟೊ: ಛತ್ರದ ಬಾಗಿಲ ಹೊರಗೆ ಅಟ್ಟಣಿಗೆಯಲ್ಲಿ ಕೆಸರು ಮೆತ್ತಿದ ನಲವತ್ತು ಜೊತೆ, ಒಂದರ ಲೇಸು ಇನ್ನೊಂದಕ್ಕೆ ಸಿಕ್ಕಿಕೊಂಡಿದೆ. ಮತ್ತೆ ಪ್ರತಿ ಬೆಳಿಗ್ಗೆ ತಪ್ಪದೆ ಒಂದು ನೆರಳು. ದಾರಿ ಪಡುವಣಕ್ಕೆ ಹೋಗುತ್ತದೆ, ಬೆನ್ನಿಗೆ ಸೂರ್ಯ; ಅವಳ ನೆರಳು ಅವಳಿಗಿಂತ ಮೂರು ಮಾರು ಮುಂದೆ ಹೋಗುತ್ತಿದೆ. ಬೆನ್ನಚೀಲದಿಂದ ನೆರಳಿಗೆ ಗೂನು ಬಂದಿದೆ.

ಸಾರ್ರಿಯಾ ಎಂಬ ಊರಿನ ನಂತರ ಫೋಟೊದ ಗುಣವೇ ಬದಲಾಗುತ್ತದೆ. ಪ್ರಮಾಣಪತ್ರ ಸಿಗಬೇಕಾದರೆ ಕಡೆಯ 100 ಕಿಲೋಮೀಟರಾದರೂ ನಡೆದಿರಬೇಕು, ದಾರಿಯುದ್ದಕ್ಕೂ ಮುದ್ರೆ ಒತ್ತಿಸಿಕೊಂಡಿರಬೇಕು. ಸಾರ್ರಿಯಾ ಅದಕ್ಕಿಂತ ಸ್ವಲ್ಪ ಆಚೆಗಿದೆ, ಹಾಗಾಗಿ ಜನ ಅಲ್ಲಿಂದ ಹೊರಡುತ್ತಾರೆ. ಶಾಲೆ ಮಕ್ಕಳ ದಂಡು, ಒಂದೇ ಬಣ್ಣದ ಟೋಪಿಯ ಗುಂಪು, ಚಿಪ್ಪು ಮಾರುವ ಮೇಜು. "ಇಲ್ಲಿಂದ ಅಮ್ಮ ಹೇಳಿದ್ದೇ ಸರಿ" ಅಂದಳು ಗೆಳತಿ, ಹಪ್ಪಳದ ತಟ್ಟೆ ಇಡುತ್ತ. ಜನ ಮರುಳೋ ಜಾತ್ರೆ ಮರುಳೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳ ಮುಖದಲ್ಲಿ ದೂರು ಇರಲಿಲ್ಲ. ಆರುನೂರು ಕಿಲೋಮೀಟರು ಪರದೇಶಿಯಾಗಿ ನಡೆದವಳಿಗೆ ಬಳೆ ಅಂಗಡಿಯ ನೂಕುನುಗ್ಗಲು ತವರಿನ ಹಾಗೆ ಕಂಡಿತೋ ಏನೋ.

ಕೆಥೆಡ್ರಲಿನೊಳಗೆ ಬೋತಾಫುಮೆಯಿರೊ ಎಂಬ ಧೂಪದ ಕೊಡವನ್ನು ಎಂಟು ಜನ ಹಗ್ಗ ಹಿಡಿದು ಸೂರಿನವರೆಗೆ ತೂಗುತ್ತಾರೆ. ಅವಳ ವಿಡಿಯೊದಲ್ಲಿ ಕಂಡದ್ದು ಮುಂದೆ ನಿಂತವನ ಎತ್ತಿದ ಫೋನು. ಮಾತೇಯೊ ಎಂಬ ಶಿಲ್ಪಿ 12ನೇ ಶತಮಾನದಲ್ಲಿ ಕಡೆದ ಮಹಿಮೆಯ ದ್ವಾರದ ನಡುಗಂಬದ್ದು ಒಂದು ಚಿತ್ರ ಸಿಕ್ಕಿತು, ಅಂಚೆಕಾರ್ಡಿನಿಂದ ತೆಗೆದದ್ದು. ಅಮೃತಶಿಲೆಯಲ್ಲಿ ಐದು ಬೆರಳಿನ ಗುಳಿ. ಯಾರೂ ಉಳಿಯಿಂದ ಕೊರೆದದ್ದಲ್ಲ. ನಡೆದು ಬಂದವರು ಒಬ್ಬರಾದ ಮೇಲೊಬ್ಬರು ಶತಮಾನಗಟ್ಟಲೆ ಅದೇ ಜಾಗಕ್ಕೆ ಕೈ ಊರಿ ಕಲ್ಲು ಸವೆದಿದೆ. ಈಗ ಮುಟ್ಟುವ ಹಾಗಿಲ್ಲ. ನಾನು ಹೆಬ್ಬೆರಳು, ತೋರುಬೆರಳು ಇಟ್ಟು ಚಿತ್ರವನ್ನು ದೊಡ್ಡದು ಮಾಡಿದೆ. ಗುಳಿಗಳು ಮಸುಕಾದವು.

ಮುಂದಿನದು ಪ್ರಮಾಣಪತ್ರ, ಲ್ಯಾಟಿನ್ನಿನಲ್ಲಿ. ಹೆಸರನ್ನೂ ಲ್ಯಾಟಿನ್ನಿಗೆ ತಿರುಗಿಸಿ ಬರೆಯುವುದು ಅಲ್ಲಿನ ವಾಡಿಕೆ. ಗೆಳತಿಯ ಹೆಸರು ಜಕಾರದಿಂದ ಶುರು. ಅವರು ಅದನ್ನು ಹಳೆಯ ಐ ಅಕ್ಷರದಿಂದ ಬರೆದಿದ್ದಾರೆ. ಓದಿದರೆ ಯ. ತದ್ಭವವಾಗಿ ಹೋದವಳನ್ನು ತತ್ಸಮ ಮಾಡಿ ಕಳಿಸಿದ್ದಾರೆ ಎಂದೆ. ಅವಳಿಗೆ ಆ ನಗೆ ಅರ್ಥವಾಗಲು ಸ್ಕೂಲಿನ ಪಟ್ಟಿ ಮತ್ತೆ ಹೇಳಬೇಕಾಯಿತು.

ಕೊನೆಗೆ ಫಿನಿಸ್ತೆರ್ರೆ, ನೆಲ ಮುಗಿಯುವ ತುದಿ. ಸೊನ್ನೆ ಕಿಲೋಮೀಟರಿನ ಕಲ್ಲು, ಆಚೆಗೆ ಅಟ್ಲಾಂಟಿಕ್, ಮುಳುಗುವ ಸೂರ್ಯ. ಈ ಫೋಟೊದಲ್ಲಿ ನೆರಳಿಲ್ಲ, ಅವಳ ಹಿಂದೆ ಬಿದ್ದಿರಬೇಕು.

"ವಾಪಸು ಬಂದದ್ದರ ಫೋಟೊ?"

"ಬಸ್ಸು, ವಿಮಾನ, ಮತ್ತೆ ಬಸ್ಸು. ಏನಂತ ತೆಗೀಲಿ?"

ಹಳೆಯ ಕಾಲದವರು ಅಷ್ಟೂ ದಾರಿಯನ್ನು ತಿರುಗಿ ನಡೆಯಬೇಕಿತ್ತು. ಹಳದಿ ಬಾಣಗಳು ಒಂದೇ ದಿಕ್ಕು ತೋರಿಸುತ್ತವೆ. ನಮ್ಮಲ್ಲಿ ಹೊರಡುವವರು 'ಹೋಗ್ತೀನಿ' ಎನ್ನುವ ಹಾಗಿಲ್ಲ, 'ಹೋಗಿ ಬರ್ತೀನಿ' ಎನ್ನಬೇಕು. ಯಾತ್ರೆಯ ಧಾತುವಿನಲ್ಲಿ ಹೋಗುವುದಷ್ಟೇ ಇದೆ, ಬರುವುದನ್ನು ಬಾಯಿಂದ ಸೇರಿಸಿ ಕಳಿಸಬೇಕು. ಫಿನಿಸ್ತೆರ್ರೆಯ ಸೂರ್ಯನನ್ನು ಇನ್ನೊಮ್ಮೆ ನೋಡಿ, ಬೆರಳಿನಿಂದ ಪಕ್ಕಕ್ಕೆ ಸರಿಸಿದೆ. ಗ್ಯಾಸ್ ಸಿಲಿಂಡರಿನ ರಸೀತಿ ಬಂತು.